ವಿಶ್ವಾಸಿಯ ಅಧಿಕಾರ ಎಂದರೇನು? ದೇವರ ಸ್ವರೂಪದ ಮಾತನ್ನು ಬಿಟ್ಟು ಅದನ್ನು ಓದಬಹುದೇ?

ಸಕಲೇಶಪುರದ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ಬೈಬಲಿನ ಒಂದು ಬೋಧನೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂದು ಕೇಳಲು ಬರೆಯುತ್ತಿದ್ದೇನೆ. ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯಲ್ಲೇ ಆದ್ದರಿಂದ ಮೊದಲು ಮನೆಯ ವಿಷಯವನ್ನು ಹೇಳಬೇಕಾಗುತ್ತದೆ.

ನನ್ನ ತಾಯಿಗೆ 68 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದ್ದು, ದಿನಕ್ಕೆ ಎರಡು ಹೊತ್ತು ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಅವರು ಹೋಗುತ್ತಿದ್ದ ಒಂದು ಮನೆ ಪ್ರಾರ್ಥನೆಯಲ್ಲಿ ವಾರಗಟ್ಟಲೆ ಒಂದೇ ಬೋಧನೆ ನಡೆಯಿತು. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿ ಭೂಮಿಯ ಮೇಲೆ ದೊರೆತನವನ್ನು ಕೊಟ್ಟನು, ಆದಾಮನು ಅದನ್ನು ಸೈತಾನನಿಗೆ ಬಿಟ್ಟುಕೊಟ್ಟನು, ಕ್ರಿಸ್ತನು ಶಿಲುಬೆಯಲ್ಲಿ ಅದನ್ನು ಮರಳಿ ಗೆದ್ದು ವಿಶ್ವಾಸಿಗಳ ಕೈಗೆ ಕೊಟ್ಟಿದ್ದಾನೆ, ಆದಕಾರಣ ದೇವರು ಮಾತಿನಿಂದ ಬೆಳಕನ್ನು ಉಂಟುಮಾಡಿದಂತೆ ವಿಶ್ವಾಸಿಯೂ ಬಾಯಿಮಾತಿನಿಂದ ಕಾಯಿಲೆಗೆ ಅಪ್ಪಣೆ ಕೊಡಬೇಕು ಎಂಬುದೇ ಆ ಬೋಧನೆ. ಮಾತ್ರೆ ನುಂಗುವುದೆಂದರೆ ಕಾಯಿಲೆಗೆ ಶರಣಾಗುವುದು ಎಂದು ಯಾರೋ ಸೇರಿಸಿದರು. ತಾಯಿ ನಮಗೆ ತಿಳಿಸದೆ ಮೂರು ವಾರ ಮಾತ್ರೆ ನಿಲ್ಲಿಸಿದರು. ಕಾಲಿನ ಸಣ್ಣ ಗಾಯ ಕೀವು ಕಟ್ಟಿದಾಗಲೇ ನಮಗೆ ವಿಷಯ ಗೊತ್ತಾದದ್ದು.

ಚಿಕಿತ್ಸೆಯಿಂದ ಗಾಯ ಮಾಯಿತು. ಮಾಯದೆ ಉಳಿದಿರುವುದು ಇನ್ನೊಂದು. ತನಗೆ ದೇವರು ಕೊಟ್ಟ ಅಧಿಕಾರವನ್ನು ಚಲಾಯಿಸಲು ತನ್ನಿಂದಾಗಲಿಲ್ಲ, ತನ್ನ ನಂಬಿಕೆಯಲ್ಲೇ ಕೊರತೆಯಿದೆ ಎಂದು ತಾಯಿ ಈಗಲೂ ರಾತ್ರಿ ಅಳುತ್ತಾರೆ. ಆ ಬೋಧನೆಯಲ್ಲಿ ಬಂದ ವಚನಗಳೆಲ್ಲ ಬೈಬಲಿನಲ್ಲಿ ಇರುವುವೇ ಆದ್ದರಿಂದ ಅದು ಸುಳ್ಳು ಎಂದು ಹೇಳಿ ಮುಗಿಸಲು ನನಗೆ ಆಗುತ್ತಿಲ್ಲ. ಅವುಗಳನ್ನು ಸರಿಯಾಗಿ ಜೋಡಿಸಿ ಓದುವುದು ಹೇಗೆಂದು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಆಲೂರಿನ ವಿಶ್ವಾಸಿ

ಸಹೋದರಿ, ನಿಮ್ಮ ತಾಯಿಯವರಿಗೆ ಆದದ್ದನ್ನು ಓದಿ ಬಹಳ ನೋವಾಯಿತು. ನಮ್ಮ ಸಭೆಯಲ್ಲಿ ಔಷಧಿ ನಿಲ್ಲಿಸಿರೆಂದು ಯಾರಿಗೂ ಹೇಳುವುದಿಲ್ಲ. ಆದರೆ ಈ ನೋವಿನ ಕಾರಣಕ್ಕೆ ಅಧಿಕಾರದ ಬೋಧನೆಯನ್ನೇ ಎಲ್ಲರೂ ಸೇರಿ ಕೈಬಿಟ್ಟಾರೆಂಬ ಭಯದಿಂದ ಬರೆಯುತ್ತಿದ್ದೇನೆ.

ನನ್ನ ತಂದೆ ತೋಟದ ಕೂಲಿಯಾಗಿದ್ದರು. ನಾನು ಬೆಳೆದದ್ದು ಲೈನ್ ಮನೆಯಲ್ಲಿ. ಮಗುವಿಗೆ ಜ್ವರ ಬಂದರೆ ಯಾರೋ ಮಾಟ ಮಾಡಿಸಿದ್ದಾರೆ, ಹಸು ಸತ್ತರೆ ಯಾರದೋ ಕಣ್ಣು ಬಿದ್ದಿದೆ, ಕತ್ತಲಾದ ಮೇಲೆ ಹಳ್ಳದ ಕಡೆಗೆ ಹೋಗಬಾರದು ಎಂಬ ಭಯಗಳ ನಡುವೆ ನಮ್ಮ ಬಾಲ್ಯ ಕಳೆಯಿತು. ಹಗಲಿನಲ್ಲಿ ಮೇಸ್ತ್ರಿಗೆ ಹೆದರಬೇಕು, ರಾತ್ರಿ ದೆವ್ವಕ್ಕೆ ಹೆದರಬೇಕು. ಇಂಥ ಮನೆಗೆ ಒಬ್ಬ ಪಾಸ್ಟರ್ ಬಂದು ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ತೆರೆದು, ಹಾವುಗಳನ್ನೂ ಚೇಳುಗಳನ್ನೂ ವೈರಿಯ ಸಮಸ್ತ ಬಲವನ್ನೂ ತುಳಿಯುವ ಅಧಿಕಾರವನ್ನು ಯೇಸು ತನ್ನವರಿಗೆ ಕೊಟ್ಟಿದ್ದಾನೆಂದು ಓದಿದಾಗ ನಮ್ಮ ತಾಯಿ ಕೊರಳಿನಿಂದ ತಾಯತವನ್ನು ಬಿಚ್ಚಿಟ್ಟರು. ಅಂದಿನಿಂದ ನಮ್ಮ ಮನೆಯವರು ದೀಪವಿಲ್ಲದೆಯೂ ಹಳ್ಳ ದಾಟುತ್ತಾರೆ. ಕ್ರಿಸ್ತನೊಂದಿಗೆ ನಮ್ಮನ್ನು ಪರಲೋಕದಲ್ಲಿ ಕೂರಿಸಲಾಗಿದೆ ಎಂದು ಎಫೆಸದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಸೈತಾನನನ್ನು ಎದುರಿಸಿದರೆ ಅವನು ಓಡಿಹೋಗುವನೆಂದು ಯಾಕೋಬನು ಹೇಳುತ್ತಾನೆ. ನೀನು ಏನೂ ಅಲ್ಲ ಎಂದು ಹುಟ್ಟಿದಂದಿನಿಂದ ಕೇಳಿಸಿಕೊಂಡವನಿಗೆ ಈ ಮಾತುಗಳ ಬೆಲೆ ಏನೆಂದು ಪೇಟೆಯ ದೊಡ್ಡ ಚರ್ಚುಗಳಲ್ಲಿ ಕೂರುವವರು ಸ್ವಲ್ಪ ಯೋಚಿಸಬೇಕು.

ಚಿಕ್ಕಮಗಳೂರಿನ ಧರ್ಮೋಪದೇಶಕ

ಆಲೂರಿನ ಸಹೋದರರ ಮಾತನ್ನು ನಾನು ಗೌರವದಿಂದ ಸ್ವೀಕರಿಸುತ್ತೇನೆ. ನಾನು ಕಥೋಲಿಕ ಧರ್ಮಸಭೆಯವನು. ಆ ಭಯದಿಂದ ಬಿಡಿಸುವ ಮಾತು ನಮ್ಮ ಪ್ರಬೋಧನೆಗಳಲ್ಲಿ ಅಪರೂಪವಾಗಿರುವುದು ನಿಜ. ಆದರೂ ಶಿಕ್ಷಕಿಯವರು ಕೇಳಿದ ಬೋಧನೆ ಆದಿಕಾಂಡದಿಂದ ಆರಂಭವಾಗುವುದರಿಂದ ನಾವೂ ಅಲ್ಲಿಂದಲೇ ನೋಡುವುದು ಒಳ್ಳೆಯದು.

ಆದಿಕಾಂಡ 1:26ರಲ್ಲಿ ಸ್ವರೂಪ, ಹೋಲಿಕೆ ಎಂಬ ಎರಡು ಮಾತುಗಳಿವೆ. ಹೀಬ್ರೂ ಭಾಷೆಯಲ್ಲಿ ಅವು ತ್ಸೆಲೆಮ್ ಮತ್ತು ದೆಮೂತ್. 1979ರಲ್ಲಿ ಸಿರಿಯಾದ ಟೆಲ್ ಫೆಖೆರಿಯೆ ಎಂಬಲ್ಲಿ ಒಬ್ಬ ಅರಸನ ಕಲ್ಲಿನ ಪ್ರತಿಮೆ ಸಿಕ್ಕಿತು. ಕ್ರಿಸ್ತಪೂರ್ವ 9ನೆಯ ಶತಮಾನದ ಆ ಪ್ರತಿಮೆಯ ಮೇಲಿನ ಅರಾಮಿಕ್ ಬರಹವು ಪ್ರತಿಮೆಯನ್ನು ಇದೇ ಎರಡು ಮಾತುಗಳಿಂದ ಕರೆಯುತ್ತದೆ. ಅಂದರೆ ಇವು ಮೂಲತಃ ಅರಸನ ಪ್ರತಿಮೆಗೆ ಸಲ್ಲುವ ಮಾತುಗಳು. ಈಜಿಪ್ಟಿನಲ್ಲಿ ದೊರೆಯನ್ನೇ ದೇವರ ಸ್ವರೂಪವೆಂದು ಕರೆಯುತ್ತಿದ್ದರು. ತುತಂಖಾಮನ್ ಎಂಬ ಹೆಸರಿಗೆ ಅಮುನ್ ದೇವನ ಜೀವಂತ ಪ್ರತಿರೂಪ ಎಂಬುದೇ ಅರ್ಥ. ಬೇಲೂರಿನಲ್ಲಿ ಹುಲಿಯೊಡನೆ ಹೋರಾಡುವ ಸಳನ ಶಿಲ್ಪವನ್ನು ಕಂಡ ಕೂಡಲೇ ಇದು ಹೊಯ್ಸಳರ ಆಳ್ವಿಕೆಯ ನೆಲವೆಂದು ನಮಗೆ ತಿಳಿಯುತ್ತದೆಯಲ್ಲವೇ? ಹಾಗೆಯೇ ಅರಸನ ಪ್ರತಿಮೆ ನಿಂತ ನೆಲ ಆ ಅರಸನಿಗೆ ಸೇರಿದ್ದೆಂದು ಅಂದಿನ ಜನ ತಿಳಿಯುತ್ತಿದ್ದರು.

ಆದಿಕಾಂಡವು ಆ ರಾಜಪದವಿಯನ್ನು ಒಬ್ಬ ದೊರೆಯ ಕೈಯಿಂದ ತೆಗೆದು ಗಂಡು ಹೆಣ್ಣೆನ್ನದೆ ಮನುಷ್ಯರೆಲ್ಲರಿಗೂ ಕೊಟ್ಟಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನೀವು ಹೇಳಿದ ಲೈನ್ ಮನೆಯ ಕೂಲಿಗೂ ತೋಟದ ಧಣಿಗೂ ಇರುವುದು ಒಂದೇ ಪದವಿ. 4ನೆಯ ಶತಮಾನದ ಕೊನೆಯಲ್ಲಿ ನಿಸ್ಸದ ಸಂತ ಗ್ರೆಗೋರಿಯವರು ಗುಲಾಮರನ್ನು ಕೊಳ್ಳುವವರಿಗೆ ಇದೇ ಆಧಾರದ ಮೇಲೆ ಪ್ರಶ್ನೆ ಹಾಕಿದರು: ದೇವರ ಸ್ವರೂಪಕ್ಕೆ ನೀವು ಎಷ್ಟು ಬೆಲೆ ಕಟ್ಟಿದಿರಿ, ಭೂಮಿಯ ಮೇಲೆ ದೊರೆತನ ಪಡೆದವನನ್ನು ಮಾರುವವರು ಯಾರು, ಕೊಳ್ಳುವವರು ಯಾರು ಎಂಬುದು ಅವರ ವಾದದ ಸಾರ. ದೊರೆತನದ ವಚನ ಇನ್ನೊಬ್ಬನನ್ನು ಆಳುವ ಪರವಾನಗಿಯಾಗದೆ, ಯಾರನ್ನೂ ಹಾಗೆ ಆಳಬಾರದೆಂಬ ಕಟ್ಟಳೆಯಾದದ್ದು ಹೀಗೆ.

ಪ್ರತಿಮೆಗೆ ತನ್ನದೇ ಆದ ರಾಜ್ಯವಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅದು ತೋರಿಸುವುದು ಬೇರೊಬ್ಬನನ್ನು. ದೇವರು ಸೃಷ್ಟಿಸಿದನು ಎನ್ನುವಾಗ ಹೀಬ್ರೂ ಬೈಬಲು ಬಳಸುವ ಬಾರಾ ಎಂಬ ಕ್ರಿಯಾಪದಕ್ಕೆ ಆ ಅರ್ಥದಲ್ಲಿ ಎಲ್ಲಿಯೂ ಮನುಷ್ಯನು ಕರ್ತೃವಾಗಿ ಬರುವುದಿಲ್ಲ. ಬೆಳಕಾಗಲಿ ಎಂದು ಹೇಳುವ ಅಧಿಕಾರವನ್ನು ಆದಾಮನಿಗೆ ಕೊಟ್ಟದ್ದಾಗಿ ಯಾವ ವಚನದಲ್ಲಿಯೂ ಇಲ್ಲ. ಅವನಿಗೆ ಕೊಟ್ಟದ್ದು ತೋಟವನ್ನು ವ್ಯವಸಾಯ ಮಾಡುವ ಮತ್ತು ಕಾಯುವ ಕೆಲಸ. ಅದು ಆದಿಕಾಂಡ 2:15ರಲ್ಲಿದೆ. ನಿಮ್ಮ ತಾಯಿಯವರಿಗೆ ಕಲಿಸಿದ ಬೋಧನೆ ತಪ್ಪಿದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಮೂಡಿಗೆರೆ ತೋಟದ ರೈಟರ್

ಧರ್ಮೋಪದೇಶಕರು ಹೇಳಿದ್ದನ್ನು ನನ್ನ ಕೆಲಸದ ಮಾತಿನಲ್ಲಿ ಹೇಳುತ್ತೇನೆ. ನಾನು 22 ವರ್ಷಗಳಿಂದ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಯಾರು ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು ಹೋಗಬೇಕು, ಯಾರು ಹಣ್ಣು ಕೊಯ್ಲಿಗೆ ಹೋಗಬೇಕು ಎಂದು ಬೆಳಿಗ್ಗೆ ಹೇಳುವವನು ನಾನು. ಚೆಕ್‌ರೋಲಿನಲ್ಲಿ ಹಾಜರಿ ಹಾಕುವವನೂ ನಾನೇ. ಸಾಹುಕಾರರು ಊರಿನಲ್ಲಿ ಇಲ್ಲದಿದ್ದರೂ ನನ್ನ ಮಾತು ನಡೆಯುತ್ತದೆ. ನಡೆಯುವುದು ನನ್ನ ತೋಳಿನ ಬಲದಿಂದಲ್ಲ, ಅದು ಅವರ ತೋಟವಾಗಿರುವುದರಿಂದ. ನಾನು ಅವರ ಮನಸ್ಸಿಗೆ ವಿರೋಧವಾಗಿ ಒಂದು ಮೂಟೆ ಕಾಫಿ ಮಾರಿದರೆ ಅಂದೇ ನಾನು ಕಳ್ಳನಾಗುತ್ತೇನೆ.

ಅಧಿಕಾರ ಮತ್ತು ಬಲ ಎಂಬ ಎರಡು ಮಾತುಗಳನ್ನು ಸಹೋದರರು ಉಲ್ಲೇಖಿಸಿದ ಲೂಕನ ವಚನವೇ ಬೇರೆ ಮಾಡಿ ಇಡುತ್ತದೆ. ವೈರಿಗೆ ಇರುವುದು ಬಲ, ಶಿಷ್ಯರಿಗೆ ಕೊಟ್ಟದ್ದು ಅಧಿಕಾರ. ಗ್ರೀಕಿನಲ್ಲಿ ಮೊದಲನೆಯದು ದೂನಮಿಸ್, ಎರಡನೆಯದು ಎಕ್ಸೂಸಿಯ ಎಂದು ನಮ್ಮ ಸಭೆಯ ಅಯ್ಯನವರು ಹೇಳಿಕೊಟ್ಟಿದ್ದಾರೆ. ಎಕ್ಸೂಸಿಯ ಎಂದರೆ ಮೇಲಿನವನು ವಹಿಸಿಕೊಟ್ಟದ್ದು. ಯೋಹಾನ 1:12ರಲ್ಲಿ ದೇವರ ಮಕ್ಕಳಾಗುವ ಅಧಿಕಾರ ಎಂಬಲ್ಲಿಯೂ ಅದೇ ಮಾತು ಇದೆಯಂತೆ. ಹಾಗಾದರೆ ಕಾಯಿಲೆಗೆ ಅಪ್ಪಣೆ ಕೊಡುವುದಕ್ಕಿಂತ ಮೊದಲು ವಿಶ್ವಾಸಿಗೆ ಸಿಕ್ಕ ಅಧಿಕಾರ ಮಗುವಾಗುವ ಅಧಿಕಾರ. ತಂದೆಯ ಮುಂದೆ ಅಳಲು ಮಗುವಿಗೆ ಯಾರ ಅಪ್ಪಣೆಯೂ ಬೇಡ. ಅಮ್ಮನವರು ರಾತ್ರಿ ಅಳುವುದನ್ನು ನಂಬಿಕೆಯ ಕೊರತೆಯೆಂದು ಯಾರೂ ಎಣಿಸದಿರಲಿ.

ಹಾಸನದ ನರ್ಸ್

ವಚನಗಳ ವಿಚಾರವನ್ನು ತಿಳಿದವರು ಹೇಳುತ್ತಿದ್ದಾರೆ. ನಾನು ಒಂದೇ ವಿಷಯ ಹೇಳುತ್ತೇನೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂದವಾಗಿ ನೋವು ತಿಳಿಯುವುದಿಲ್ಲ, ರಕ್ತದಲ್ಲಿ ಸಕ್ಕರೆ ಏರಿದರೆ ಗಾಯ ಬೇಗ ಮಾಯುವುದಿಲ್ಲ. ಆದ್ದರಿಂದ ಅಮ್ಮನವರ ಪಾದಗಳನ್ನು ದಿನವೂ ಬೆಳಕಿನಲ್ಲಿ ನೋಡಿರಿ, ಬರಿಗಾಲಿನಲ್ಲಿ ಅಂಗಳಕ್ಕೆ ಹೋಗಲು ಬಿಡಬೇಡಿರಿ, ವೈದ್ಯರನ್ನು ಕೇಳದೆ ಮಾತ್ರೆಯ ಪ್ರಮಾಣ ಬದಲಿಸಬೇಡಿರಿ. ಔಷಧಿಯನ್ನು ಅಪನಂಬಿಕೆಯೆಂದು ಎಣಿಸುವವರಿಗೆ ನಮ್ಮ ಸೀಮೆಯದೇ ಒಂದು ಸಂಗತಿ ನೆನಪಿಸುತ್ತೇನೆ. ಮೈಸೂರು ಸೀಮೆಯಲ್ಲಿ ಧರ್ಮಸೇವೆ ಮಾಡಿ 1823ರಲ್ಲಿ ಫ್ರಾನ್ಸಿಗೆ ಮರಳಿದ ಪಾದ್ರಿ ಅಬ್ಬೆ ದುಬೊಯ್ ಅವರು ಇಲ್ಲಿಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದವರು. ಪ್ರಾರ್ಥನೆ ಮಾಡುವುದಕ್ಕೂ ಲಸಿಕೆ ಹಾಕಿಸುವುದಕ್ಕೂ ಅವರಿಗೆ ವಿರೋಧ ಕಾಣಲಿಲ್ಲ.

ಆಲೂರಿನ ವಿಶ್ವಾಸಿ

ರೈಟರ್ ಅವರ ಹೋಲಿಕೆ ನನ್ನ ಮನಸ್ಸಿಗೆ ಹತ್ತಿರವಾಯಿತು. ನಮ್ಮ ತಂದೆ ಅಂಥ ಚೆಕ್‌ರೋಲಿನಲ್ಲಿಯೇ ಹೆಸರು ಹಚ್ಚಿಸಿಕೊಂಡವರು. ಒಂದು ಮಾತನ್ನು ನಾನು ಒಪ್ಪಿಕೊಳ್ಳುತ್ತೇನೆ: ಅಪೊಸ್ತಲರ ಕೃತ್ಯಗಳು 19ರಲ್ಲಿ ಸ್ಕೇವನ ಏಳು ಮಂದಿ ಮಕ್ಕಳು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಿ, ದೆವ್ವ ಹಿಡಿದವನಿಂದ ಏಟು ತಿಂದು ಬೆತ್ತಲೆಯಾಗಿ ಓಡಿಹೋದರು. ಹೆಸರು ನಾಲಿಗೆಯ ಮೇಲಿತ್ತು, ಆ ಹೆಸರಿನವನ ಪರಿಚಯ ಅವರಿಗಿರಲಿಲ್ಲ. ಮಾಟದ ಭಯದಿಂದ ಹೊರಬಂದ ನಾವೇ ಕಾಯಿಲೆಗೆ ಅಪ್ಪಣೆ ಕೊಡುವ ಘೋಷಣೆಯನ್ನು ಇನ್ನೊಂದು ಮಂತ್ರವನ್ನಾಗಿ ಮಾಡಿಕೊಂಡರೆ ತಾಯತವನ್ನು ಕೊರಳಿನಿಂದ ಬಿಚ್ಚಿ ನಾಲಿಗೆಗೆ ಕಟ್ಟಿಕೊಂಡಂತಾಗುತ್ತದೆ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಏಕೆಂದರೆ ನಾನು ಅಂಥ ಪ್ರಾರ್ಥನೆಗಳನ್ನು ಜೋರಾಗಿ ಮಾಡಿದ್ದೇನೆ, ಗುಣವಾಗದವರನ್ನು ಕಂಡು ಅವರ ನಂಬಿಕೆಯನ್ನು ಮನಸ್ಸಿನಲ್ಲಿ ಅಳೆದಿದ್ದೇನೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆದಾಮನು ಕಳೆದುಕೊಂಡದ್ದನ್ನು ಕ್ರಿಸ್ತನು ಗೆದ್ದು ಕೊಟ್ಟನೆಂಬುದು ಸುವಾರ್ತೆಯಲ್ಲವೇ? ಗೆದ್ದದ್ದು ನಿಜವಾದರೆ ಅದರ ಗುರುತು ನಮ್ಮ ಶರೀರದಲ್ಲಿಯೂ ಊರಿನಲ್ಲಿಯೂ ಏಕೆ ಕಾಣುವುದಿಲ್ಲ?

ಹೆತ್ತೂರು ಕಡೆಯ ರೈತ

ಇದೇ ಪ್ರಶ್ನೆ ನನಗೂ ಇದೆ, ಬೇರೆ ಕಾರಣಕ್ಕೆ. ನಮ್ಮಲ್ಲಿ ಕಾಡಾನೆಗಳು ಭತ್ತದ ಗದ್ದೆಯನ್ನೂ ಬಾಳೆಯನ್ನೂ ತುಳಿದು ಹೋಗುತ್ತವೆ, ಜನರೂ ಸತ್ತಿದ್ದಾರೆ. ಸಕಲ ಮೃಗಗಳ ಮೇಲೆ ದೊರೆತನ ಕೊಟ್ಟಿದೆ ಎಂಬ ವಚನವನ್ನು ನಾವು ಗದ್ದೆಯ ಬದುವಿನಲ್ಲಿ ನಿಂತು ಯಾವ ಅರ್ಥದಲ್ಲಿ ಓದಬೇಕು? ಆನೆಗೆ ಓಡುದಾರಿ ಇಲ್ಲದಂತೆ ಕಾಡನ್ನು ತುಂಡು ಮಾಡಿದವರೂ ಮನುಷ್ಯರೇ ಎಂಬುದು ನನಗೆ ತಿಳಿದಿದೆ.

ಹಾಸನದ ಸಭಾಪ್ರಸಂಗಿ

ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆಯೆಂದು ನಾನು ನಂಬುತ್ತೇನೆ. ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಿರಿ.

ಮೊದಲನೆಯದಾಗಿ, ಆದಾಮನು ದೊರೆತನವನ್ನು ಸೈತಾನನಿಗೆ ವಹಿಸಿಕೊಟ್ಟನೆಂಬ ಮಾತು ಆದಿಕಾಂಡ 3ರಲ್ಲಿ ಇಲ್ಲ. ಲೋಕದ ರಾಜ್ಯಗಳ ಅಧಿಕಾರ ತನಗೆ ಕೊಟ್ಟಿದೆ ಎಂದು ಲೂಕ 4:6ರಲ್ಲಿ ಹೇಳುವವನು ಸೈತಾನನೇ. ಯೇಸುವನ್ನು ಬೀಳಿಸಲು ಆಡಿದ ಆ ಮಾತನ್ನು ನಾವು ಸಿದ್ಧಾಂತಕ್ಕೆ ಅಡಿಗಲ್ಲಾಗಿ ಇಡಬಾರದು. ಪಾಪದ ನಂತರವೂ ಸ್ವರೂಪ ಅಳಿದುಹೋಗಲಿಲ್ಲ. ಮನುಷ್ಯನನ್ನು ಕೊಲ್ಲಬಾರದೇಕೆ ಎಂದು ಆದಿಕಾಂಡ 9:6 ಕಾರಣ ಕೊಡುವುದೂ, ನರರನ್ನು ಶಪಿಸಬಾರದೇಕೆ ಎಂದು ಯಾಕೋಬ 3:9 ಕೇಳುವುದೂ ಅದೇ ಸ್ವರೂಪದ ಆಧಾರದಿಂದ. ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೀವೆಲ್ಲ ನೋಡಿರುತ್ತೀರಿ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹೇಮಾವತಿಯ ಹಿನ್ನೀರು ಮಳೆಗಾಲದಲ್ಲಿ ಅದರೊಳಕ್ಕೆ ನುಗ್ಗುತ್ತದೆ. ಛಾವಣಿ ಹೋಗಿದೆ, ಗೋಡೆಗಳು ಬಿರುಕುಬಿಟ್ಟಿವೆ, ಆದರೂ ಅದನ್ನು ಕಂಡವರು ಯಾರೂ ಅದು ಯಾವ ಕಟ್ಟಡವೆಂದು ಕೇಳುವುದಿಲ್ಲ. ನಮ್ಮೊಳಗಿನ ಸ್ವರೂಪ ಹೀಗೆ ಕೆಟ್ಟಿದೆ, ಅಳಿದಿಲ್ಲ. ಹಾಗೆಂದು ಅದು ತನ್ನನ್ನು ತಾನೇ ಕಟ್ಟಿಕೊಳ್ಳಲಾರದು. 4ನೆಯ ಶತಮಾನದ ಬಿಷಪ್ ಅಥನಾಸಿಯನು ಇದಕ್ಕೆ ಒಂದು ಹೋಲಿಕೆ ಕೊಟ್ಟಿದ್ದಾನೆ: ಹಲಗೆಯ ಮೇಲಿನ ಚಿತ್ರ ಕೊಳೆಯಿಂದ ಮಾಸಿಹೋದರೆ ಹಲಗೆಯನ್ನು ಬಿಸಾಡುವುದಿಲ್ಲ, ಚಿತ್ರ ಯಾರದೋ ಅವನೇ ಮತ್ತೆ ಬಂದು ಎದುರಿಗೆ ಕುಳಿತರೆ ಅದೇ ಹಲಗೆಯ ಮೇಲೆ ಅದನ್ನು ಹೊಸದಾಗಿ ಬರೆಯುತ್ತಾರೆ. ಕ್ರಿಸ್ತನು ಅದೃಶ್ಯನಾದ ದೇವರ ಪ್ರತಿರೂಪನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಹೇಳುವುದನ್ನು ಈ ಹೋಲಿಕೆಯೊಂದಿಗೆ ಓದಿರಿ.

ಹಾಗಾದರೆ ದೊರೆತನ ಹೇಗಿರುತ್ತದೆಂದು ತಿಳಿಯಲು ನಾವು ನೋಡಬೇಕಾದದ್ದು ಕ್ರಿಸ್ತನನ್ನು. ಅನ್ಯಜನರ ಅಧಿಪತಿಗಳು ದೊರೆತನ ಮಾಡುವ ರೀತಿ ನಿಮ್ಮಲ್ಲಿ ಇರಬಾರದೆಂದು ಮಾರ್ಕ 10ರಲ್ಲಿ ಆತನು ನೇರವಾಗಿ ಹೇಳಿದನು. ಸಮಸ್ತವೂ ತನ್ನ ಕೈಯಲ್ಲಿ ಕೊಡಲ್ಪಟ್ಟಿದೆ ಎಂದು ತಿಳಿದು ಆತನು ಮಾಡಿದ ಕೆಲಸ ಶಿಷ್ಯರ ಕಾಲು ತೊಳೆದದ್ದು. ಯೋಹಾನ 13:3ರಿಂದ 5ರವರೆಗೆ ಒಂದೇ ಉಸಿರಿನಲ್ಲಿ ಓದಿದರೆ ಇದು ಸ್ಪಷ್ಟವಾಗುತ್ತದೆ. ಹೆತ್ತೂರಿನ ಸಹೋದರರೇ, ಆದಿಕಾಂಡದ ದೊರೆತನಕ್ಕೆ ಹೀಬ್ರೂವಿನಲ್ಲಿರುವ ರಾದಾ ಎಂಬ ಕ್ರಿಯಾಪದವೇ ಯೆಹೆಜ್ಕೇಲ 34:4ರಲ್ಲಿಯೂ ಬರುತ್ತದೆ. ಅಲ್ಲಿ ಬಲಹೀನ ಕುರಿಗಳನ್ನು ಆರೈಕೆ ಮಾಡದೆ ಬಲಾತ್ಕಾರದಿಂದ ಆಳಿದ ಕುರುಬರನ್ನು ದೇವರು ಖಂಡಿಸುತ್ತಾನೆ. ಆಳುವುದನ್ನು ಆರೈಕೆಯ ಅಳತೆಗೋಲಿನಿಂದ ದೇವರು ಅಳೆಯುತ್ತಾನೆಂದ ಮೇಲೆ ಆನೆಗೆ ದಾರಿ ಬಿಡುವುದೂ ಗದ್ದೆ ಕಳೆದುಕೊಂಡವನಿಗೆ ತಕ್ಕ ಪರಿಹಾರ ಸಿಗುವಂತೆ ಓಡಾಡುವುದೂ ದೊರೆತನದ ಕೆಲಸವೇ.

ಇನ್ನು ಗೆಲುವು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ. ಮನುಷ್ಯನ ಪಾದಗಳ ಕೆಳಗೆ ಸಮಸ್ತವನ್ನೂ ಇಟ್ಟಿದ್ದೀ ಎಂದು ಹಾಡುವ 8ನೆಯ ಕೀರ್ತನೆಯನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಎತ್ತಿಕೊಂಡು, ಎಲ್ಲವೂ ಅವನಿಗೆ ಅಧೀನವಾಗಿರುವುದನ್ನು ನಾವು ಇನ್ನೂ ಕಾಣುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ, ಕಾಣುತ್ತಿರುವುದು ಮರಣವನ್ನು ಅನುಭವಿಸಿದ್ದರಿಂದಲೇ ಮಹಿಮೆಯ ಕಿರೀಟ ಹೊಂದಿದ ಯೇಸುವನ್ನು ಎನ್ನುತ್ತದೆ. ಇನ್ನೂ ಎಂಬ ಆ ಮಾತನ್ನು ಬಿಟ್ಟು ಓದಿದಾಗ ಬೋಧನೆ ಕ್ರೂರವಾಗುತ್ತದೆ, ಏಕೆಂದರೆ ಗುಣವಾಗದೆ ಉಳಿದದ್ದಕ್ಕೆಲ್ಲ ರೋಗಿಯೇ ಹೊಣೆಯಾಗಬೇಕಾಗುತ್ತದೆ. ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿ ಮಿಲೇತದಲ್ಲಿ ಬಿಟ್ಟುಬಂದನು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತಿಮೊಥೆಯನಿಗೆ ಬರೆದನು. ತನ್ನ ಶರೀರದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಇವರಲ್ಲಿ ಯಾರ ನಂಬಿಕೆಯನ್ನೂ ಅವನು ಸಂಶಯಿಸಲಿಲ್ಲ.

ಆಲೂರಿನ ಸಹೋದರರೇ, ನೀವು ಹಳ್ಳ ದಾಟುವ ಧೈರ್ಯವನ್ನು ಬಿಡಬೇಡಿರಿ. ಎಫೆಸ 6ರಲ್ಲಿ ಸರ್ವಾಯುಧಗಳನ್ನು ಧರಿಸಿಕೊಂಡವರಿಗೆ ಮತ್ತೆ ಮತ್ತೆ ಹೇಳಿರುವುದು ನಿಲ್ಲಿರಿ ಎಂದು. ನೀವು ಮಾಡುತ್ತಿರುವುದು ಅದನ್ನೇ. ಪ್ರಧಾನ ದೂತನಾದ ಮಿಕಾಯೇಲನೂ ಸೈತಾನನನ್ನು ತಾನೇ ದೂಷಿಸದೆ, ಕರ್ತನು ನಿನ್ನನ್ನು ಗದರಿಸಲಿ ಎಂದನೆಂದು ಯೂದನು ಬರೆದಿದ್ದಾನೆ. ನಮ್ಮ ಪ್ರಾರ್ಥನೆಯ ಧ್ವನಿಗೆ ಆ ತಗ್ಗು ಸಾಕು. ತನಗೆ ಅಧಿಕಾರ ಕೊಟ್ಟದ್ದು ಕಟ್ಟುವುದಕ್ಕೆ, ಕೆಡವುವುದಕ್ಕಲ್ಲ ಎಂದು ಪೌಲನು ಕೊರಿಂಥದವರಿಗೆ ಎರಡು ಸಾರಿ ಬರೆದನು. ಯಾವ ಬೋಧನೆಯ ಅಡಿಯಲ್ಲಿ ಒಬ್ಬ ವೃದ್ಧೆ ರಾತ್ರಿ ಅಳುತ್ತಾಳೋ ಅದು ಕೆಡವಿದೆ, ಕಟ್ಟಿಲ್ಲ. ನಮ್ಮ ಸಭೆಗಳಲ್ಲಿಯೂ ಇದನ್ನು ಸರಿಯಾಗಿ ಕಲಿಸದೆ ಬಿಟ್ಟ ಹೊಣೆ ನಮ್ಮ ಮೇಲಿದೆ.

ಸಕಲೇಶಪುರದ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ನಿನ್ನೆ ಸಂಜೆ ತಾಯಿಗೆ ಒಂದೊಂದಾಗಿ ಓದಿ ಹೇಳಿದೆ. ಗುಲಾಮರ ಬೆಲೆಯ ಪ್ರಶ್ನೆಯನ್ನು ಎರಡು ಸಾರಿ ಓದಿಸಿಕೊಂಡರು. ರೈಟರ್ ಅವರು ಮಗುವಿನ ಅಧಿಕಾರದ ಬಗ್ಗೆ ಬರೆದದ್ದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಹಳೆಯ ಬೈಬಲನ್ನು ತರಿಸಿ, ಇಬ್ರಿಯರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವನ್ನು ಹುಡುಕಿ, ಇನ್ನೂ ಎಂಬ ಮಾತಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಲೂಕನ 10ನೆಯ ಅಧ್ಯಾಯವನ್ನು ನಾನು ಮುಂದಕ್ಕೆ ಓದಿದಾಗ, ದೆವ್ವಗಳು ಅಧೀನವಾದವೆಂದು ಹಿಗ್ಗಬೇಡಿರಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆಯಲ್ಪಟ್ಟಿವೆ ಎಂದು ಹಿಗ್ಗಿರಿ ಎಂಬ ಯೇಸುವಿನ ಮಾತು 20ನೆಯ ವಚನದಲ್ಲಿ ಬಂತು. ಆ ಮನೆ ಪ್ರಾರ್ಥನೆಯಲ್ಲಿ 19ನೆಯ ವಚನದವರೆಗೆ ಮಾತ್ರ ಓದುತ್ತಿದ್ದರು ಎಂದು ತಾಯಿ ಹೇಳಿದರು.

ಆಲೂರಿನ ಸಹೋದರರಿಗೆ ತಾಯಿಯ ಒಂದು ಬೇಡಿಕೆ ಇದೆ. ನೀವು ಸಂಸಾರ ಸಮೇತರಾಗಿ ಮುಂದಿನ ಭಾನುವಾರ ನಮ್ಮ ಮನೆಗೆ ಬಂದು, ತಾಯತ ಬಿಚ್ಚಿಟ್ಟ ನಿಮ್ಮ ತಾಯಿಯವರನ್ನೂ ಕರೆತಂದು, ತಮ್ಮೊಡನೆ ಪ್ರಾರ್ಥಿಸಬೇಕೆಂದು ಕೇಳಿದ್ದಾರೆ. ರಾತ್ರಿ ಎಂಟಕ್ಕೆ ಊಟ ಮತ್ತು ಮಾತ್ರೆಯ ಹೊತ್ತು, ಆದ್ದರಿಂದ ಆರು ಗಂಟೆಗೇ ಬಂದರೆ ನಿಧಾನವಾಗಿ ಕೂರಬಹುದು ಎಂದೂ ಹೇಳಲು ತಿಳಿಸಿದ್ದಾರೆ.